ಫ್ಯಾನ್ ಆರಿಸಿದವಳು

ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಪುಡಿಮನೆಯ ಹೆಂಗಸರಿಗೆಲ್ಲ ಒಂದೊಂದು ತುಂಡು ಬೆಲ್ಲ ಸಿಗುತ್ತಿತ್ತು. ಸೂಪರ್‌ವೈಸರ್ ಮಾಲತೇಶ್ ಸ್ಟೀಲ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತು ಪ್ರಸಾದ ಕೊಟ್ಟ ಹಾಗೆ ಕೊಡುತ್ತಿದ್ದ. ಬೆಲ್ಲ ತಿಂದರೆ ಗಂಟಲಲ್ಲಿ ಕೂತ ದೂಳು ಕೆಳಗಿಳಿದು ಹೋಗುತ್ತದೆ ಅನ್ನುವುದು ಈ ಕಡೆಯ ಹಳೇ ನಂಬಿಕೆ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಸೈರನ್ ಕೂಗುತ್ತಿದ್ದ ಕಾಲದಲ್ಲಿ ನಮ್ಮ ಅಜ್ಜಂದಿರೂ ಹೀಗೇ ಬೆಲ್ಲ ಕಚ್ಚಿಕೊಂಡು ಹತ್ತಿಯ ದೂಳಿನಲ್ಲಿ ದುಡಿದು ಸತ್ತರು. ಗಿರಣಿಗಳು ಮುಚ್ಚಿದವು, ಬೆಲ್ಲ ಮಾತ್ರ ಉಳಿಯಿತು. ಒಳ್ಳೆಯ ಮಾಸ್ಕಿಗಿಂತ ಬೆಲ್ಲ ಅಗ್ಗ ಎಂಬುದನ್ನು ಸಾಹುಕಾರರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನೀಲಕ್ಕನಿಗೆ ಈಚೆಗೆ ಆ ಬೆಲ್ಲವೂ ಇಳಿಯುತ್ತಿರಲಿಲ್ಲ. ಬಾಯಿಗಿಟ್ಟುಕೊಂಡರೆ ಕೆಮ್ಮು ಒತ್ತರಿಸಿ ಬಂದು ಬೆಲ್ಲ ಹೊರಗೆ ಬೀಳುತ್ತಿತ್ತು. ಹರಿಹರದ ಪಕ್ಕದ ಗುತ್ತೂರಿನ ತನ್ನ ಮನೆಯಿಂದ ಬಿರಬಿರನೆ ನಡೆದು ಬರುತ್ತಿದ್ದ ಗಟ್ಟಿ ಹೆಂಗಸು, ಇನ್ನೂ ನಲವತ್ತು ದಾಟಿಲ್ಲ. ಈಗ ಗೇಟಿನಿಂದ ಪುಡಿಮನೆಗೆ ಬರುವಷ್ಟರಲ್ಲಿ ಕಾಂಪೌಂಡ್ ಗೋಡೆ ಹಿಡಿದು ನಿಂತುಬಿಡುತ್ತಿದ್ದಳು. ಉಗುಳಿದರೆ ಬೂದಿ ಬಣ್ಣ. ಅವಳು ಹಾಗೆ ನಿಂತಾಗಲೆಲ್ಲ ಹಿಂದಿನಿಂದ ಬಂದು ರಟ್ಟೆ ಹಿಡಿದು ಕರೆತರುತ್ತಿದ್ದವಳು ಸುಗ್ರಾಬಿ. ಇಬ್ಬರದೂ ಒಂದೇ ಮೇಜು, ಎದುರುಬದುರು ಜರಡಿ.

ಸುಗ್ರಾಬಿ ದಾವಣಗೆರೆಯವಳು. ಮಂಡಕ್ಕಿ ಭಟ್ಟಿಯಲ್ಲೇ ಹುಟ್ಟಿ ಬೆಳೆದವಳು ಅಂದರೂ ತಪ್ಪಿಲ್ಲ. ಕಾದ ಮರಳಿನಲ್ಲಿ ಅಕ್ಕಿ ಅರಳಿದ ಮೇಲೆ ಮರಳು ಬೇರೆ, ಮಂಡಕ್ಕಿ ಬೇರೆ ಮಾಡುವ ಜರಡಿ ಕೆಲಸದಲ್ಲಿ ಅವಳದು ಎತ್ತಿದ ಕೈ. ಭಟ್ಟಿಗಳಿಗೆ ಮೆಷಿನ್ ಬಂದು ಹೆಂಗಸರ ಕೈಗೆ ಕೆಲಸ ಕಮ್ಮಿಯಾದಾಗ ಮಾಲತೇಶ್ ಅವಳ ಓಣಿಗೆ ಬಂದಿದ್ದ. ಗುತ್ತೂರಿನ ಹತ್ತಿರ ಹೊಸ ಕಂಪನಿ, ಜರಡಿ ಹಿಡಿಯುವ ಹೆಂಗಸರು ಬೇಕು, ಹೋಗಿಬರೋಕೆ ವ್ಯಾನು ಕಂಪನಿಯದೇ ಎಂದಿದ್ದ. ಗಂಡ ತೀರಿಕೊಂಡಿದ್ದ, ಮಗಳು ಹುಮಾ ಕಾಲೇಜು ಓದುತ್ತಿದ್ದಳು. ಸುಗ್ರಾಬಿ ಹಿಂದೆ ಮುಂದೆ ನೋಡಲಿಲ್ಲ. ಬಂದು ನೋಡಿದರೆ ಬೆಂಕಿ ಇಲ್ಲ, ಹೊಗೆ ಇಲ್ಲ, ಕೂರಲು ಸ್ಟೂಲು, ಕುಡಿಯಲು ಫಿಲ್ಟರ್ ನೀರು. ತನ್ನಂಥವಳಿಗೆ ಇಂಥ ಕೆಲಸ ಸಿಕ್ಕಿತಲ್ಲ ಎಂದು ಅವಳಿಗೇ ನಂಬಿಕೆಯಾಗಿರಲಿಲ್ಲ.

ಕಂಪನಿ ಕೊಟ್ಟೂರೇಶರದು. ಅಪ್ಪನ ಕಾಲಕ್ಕೆ ಹತ್ತಿ ವ್ಯಾಪಾರದ ಮನೆತನ. ಕೊಟ್ಟೂರೇಶ್ ಲೋಹದ ಎಂಜಿನಿಯರಿಂಗ್ ಓದಿ ಬಂದು, ದಾವಣಗೆರೆಯ ಸರಸ್ವತಿ ನಗರದಲ್ಲಿ ದೊಡ್ಡ ಮನೆ ಕಟ್ಟಿ, ಇಲ್ಲಿ ಶೆಡ್ ಹಾಕಿದ್ದ. ಯಾರೇ ನೋಡಲು ಬಂದರೂ ಎರಡು ತುಂಡು ಕೈಯಲ್ಲಿ ಹಿಡಿದು ಪಾಠ ಶುರುಮಾಡುತ್ತಿದ್ದ. ಅಲ್ಯೂಮಿನಿಯಂ ಹಗುರ, ಆದರೆ ಮೆತ್ತಗೆ, ಉಜ್ಜಿದರೆ ಸವೆದು ಹೋಗುತ್ತದೆ. ಗಟ್ಟಿ ಮಾಡಬೇಕಾದರೆ ಅದರೊಳಗೆ ಸೆರಾಮಿಕ್ ಕಣ ಕೂರಿಸಬೇಕು. ಕರಗಿಸಿ ಹೊಯ್ದರೆ ಕಣಗಳೆಲ್ಲ ಒಂದು ಕಡೆ ಗುಂಪು ಕಟ್ಟುತ್ತವೆ. ಅದಕ್ಕೇ ಎರಡನ್ನೂ ಪುಡಿಯಾಗಿಯೇ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಪೂರ್ತಿ ಕರಗದ ಹಾಗೆ ಕುಲುಮೆಯಲ್ಲಿ ಬೇಯಿಸುವುದು. ಆಗ ಹಗುರವೂ ಹೌದು, ಗಟ್ಟಿಯೂ ಹೌದು. ಗಾಡಿಗಳ ಬ್ರೇಕಿಗೆ, ಎಂಜಿನ್ನಿಗೆ ಎಲ್ಲಕ್ಕೂ ಆಗುತ್ತದೆ. ಬಂದವರು ತಲೆದೂಗುತ್ತಿದ್ದರು. ಸುಳ್ಳೇನೂ ಅಲ್ಲ, ತುಂಡು ನಿಜಕ್ಕೂ ಚೆನ್ನಾಗಿರುತ್ತಿತ್ತು.

ಹೆಂಗಸರ ಬಾಯಲ್ಲಿ ಅಲ್ಯೂಮಿನಿಯಂ ಬೆಳ್ಳಿಪುಡಿ, ಸೆರಾಮಿಕ್ಕು ಕರಿಪುಡಿ. ಚಾಕು ಮಸೆಯುವ ಚಕ್ರ ಇರುತ್ತದಲ್ಲ, ಅದನ್ನು ಮಾಡುವ ಪುಡಿಯೇ ಈ ಕರಿಪುಡಿ. ಮುಖಕ್ಕೆ ಹಚ್ಚುವ ಪೌಡರಿಗಿಂತ ನಯ. ಎರಡನ್ನೂ ಜರಡಿ ಹಿಡಿದು ಡ್ರಮ್ಮಿಗೆ ಸುರಿಯಬೇಕು, ಡ್ರಮ್ಮು ತಿರುಗಿ ತಿರುಗಿ ಬೆರೆತದ್ದನ್ನು ಮತ್ತೆ ಜರಡಿ ಹಿಡಿದು ಟ್ರೇಗೆ ತುಂಬಿ ಅಚ್ಚಿನ ಶೆಡ್ಡಿಗೆ ಕಳಿಸಬೇಕು. ಕಿಡಿ ಹಾರಿದರೆ ಬೆಳ್ಳಿಪುಡಿ ಹೊತ್ತಿಕೊಳ್ಳುತ್ತದೆಂದು ಮೊಬೈಲು ಗೇಟಿನಲ್ಲೇ ಇಟ್ಟು ಬರಬೇಕಿತ್ತು. ಕಂಪನಿ ಹೊತ್ತಿ ಉರಿಯಬಾರದು ಅನ್ನುವ ಎಚ್ಚರ ಸಾಹುಕಾರರಿಗೆ ಚೆನ್ನಾಗಿಯೇ ಇತ್ತು.

ಪುಡಿಮನೆಯ ಗೋಡೆಯಲ್ಲಿ ಒಂದು ದೊಡ್ಡ ಫ್ಯಾನ್ ಇತ್ತು. ಒಳಗಿನ ದೂಳನ್ನು ಹೊರಗೆ ಎಳೆಯುವ ಫ್ಯಾನು. ಲೈಸೆನ್ಸ್ ಬೇಕಾದರೆ ಅದು ಇರಲೇಬೇಕೆಂದು ಹಾಕಿಸಿದ್ದು. ಸುಗ್ರಾಬಿ ಸೇರಿದ ಹೊಸತರಲ್ಲಿ ಅದು ತಿರುಗುತ್ತಿತ್ತು. ಜರಡಿ ಅಲ್ಲಾಡಿಸಿದರೆ ಕರಿಪುಡಿ ಹೊಗೆಯ ಹಾಗೆ ಎದ್ದು ಫ್ಯಾನಿನ ಕಡೆ ಹರಿದು ಹೋಗುತ್ತಿತ್ತು. ಅದನ್ನು ನೋಡಿ ಸುಗ್ರಾಬಿಗೆ ಹೊಟ್ಟೆ ಉರಿಯಿತು. ಭಟ್ಟಿಯಲ್ಲಿ ಗಾಳಿ ಅಂದರೆ ಶತ್ರು. ಒಂದು ಸಲ ಜೋರಾಗಿ ಬೀಸಿದರೆ ಮಂಡಕ್ಕಿಯೆಲ್ಲ ಚರಂಡಿ ಪಾಲು, ಆಮೇಲೆ ಭಟ್ಟಿ ಮಾಲೀಕನ ಬೈಗುಳ. ಅಲ್ಲಿ ಜರಡಿ ಹಿಡಿಯುವವಳು ಮೊದಲು ಕಿಟಕಿ ಮುಚ್ಚಿ, ಬಾಗಿಲಿನ ಸಂದಿಗೆ ಗೋಣಿ ತುರುಕಿ, ಆಮೇಲೆ ಕೂರುತ್ತಾಳೆ. ಸುಗ್ರಾಬಿಯ ಕೈ ತಾನಾಗಿ ಅದನ್ನೇ ಮಾಡಿತು. ಫ್ಯಾನ್ ಆರಿಸಿದಳು, ಕಿಟಕಿ ಮುಚ್ಚಿದಳು, ಗೋಣಿ ತುರುಕಿದಳು. ಯಾರೂ ಹೇಳಿರಲಿಲ್ಲ. ಅನ್ನ ಕೊಡುವವರ ಮಾಲು ಗಾಳಿಪಾಲಾಗುವುದನ್ನು ನೋಡಿಕೊಂಡು ಕೂರುವುದು ಅವಳಿಂದಾಗಲಿಲ್ಲ, ಅಷ್ಟೇ.

ಅಲ್ಲಿಯವರೆಗೆ ಕಂಪನಿಯ ತುಂಡುಗಳು ಪರೀಕ್ಷೆಯಲ್ಲಿ ಬೀಳುತ್ತಿದ್ದವು. ತೂಗಿ ಹಾಕಿದ ಕರಿಪುಡಿಯಲ್ಲಿ ನಯವಾದದ್ದೆಲ್ಲ ಫ್ಯಾನಿನ ಪಾಲಾಗಿ, ತುಂಡು ಮೆತ್ತಗಾಗಿ, ಕೊಂಡವರು ವಾಪಸ್ ಕಳಿಸುತ್ತಿದ್ದರು. ಆ ವಾರದಿಂದ ಎಲ್ಲ ಪಾಸು. ಏನು ಪವಾಡ ಎಂದು ಕೊಟ್ಟೂರೇಶ್ ಖುದ್ದು ಪುಡಿಮನೆಗೆ ಬಂದ. ನಿಂತ ಫ್ಯಾನು ನೋಡಿದ, ಮುಚ್ಚಿದ ಕಿಟಕಿ ನೋಡಿದ, ಗೋಣಿ ನೋಡಿದ. ಹೆಂಗಸರ ರೆಪ್ಪೆಯ ಮೇಲೆ ಕೂತ ಪುಡಿಯನ್ನೂ ನೋಡಿದ. ಅವನು ಓದಿದವನು. ಆ ಪುಡಿ ಒಳಗೆ ಹೋದರೆ ಏನಾಗುತ್ತದೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ. ಹೊರಗೆ ಪುಡಿ ಬಿಡದ ಮುಚ್ಚಿದ ಯಂತ್ರ ಸಿಗುತ್ತದೆ, ಬೆಲೆ ಹೆಚ್ಚು, ಅದೂ ಅವನಿಗೆ ಗೊತ್ತಿತ್ತು. ಅವನು "ಭೇಷ್" ಎಂದು ಹೇಳಿ ಹೊರಗೆ ಹೋದ.

ಆ ವರ್ಷದ ಆಯುಧಪೂಜೆಯಲ್ಲಿ ಸುಗ್ರಾಬಿಗೆ ಶಾಲು ಹೊದಿಸಿದರು. ಕಂಪನಿಯನ್ನು ತನ್ನ ಮನೆ ಅಂತ ತಿಳಿದುಕೊಂಡಾಕೆ ಎಂದು ಸಾಹುಕಾರರು ಮೈಕಿನಲ್ಲಿ ಹೇಳಿದರು. ಸುಗ್ರಾಬಿ ನಾಚಿಕೊಂಡು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೆಕೆ ತಾಳಲಾರದೆ ಯಾರಾದರೂ ಫ್ಯಾನ್ ಹಾಕಿದರೆ ಮಾಲತೇಶ್ ಓಡಿ ಬಂದು, ಸುಗ್ರಾಬಿಯನ್ನು ನೋಡಿ ಕಲಿಯಿರಿ ಎಂದು ಗದರುತ್ತಿದ್ದ. ಕಲಿತರು. ಯಾರು ಮೊದಲು ಬಂದರೂ ಕಿಟಕಿ ಮುಚ್ಚುವುದೇ ಮೊದಲ ಕೆಲಸವಾಯಿತು.

ನೀಲಕ್ಕ ಕೆಮ್ಮಿ ಕೆಮ್ಮಿ ಬೀಳುವಂತಾದಾಗ ಕಂಪನಿಯವರೇ ತಮಗೆ ಗೊತ್ತಿದ್ದ ಡಾಕ್ಟರ ಹತ್ತಿರ ದಾವಣಗೆರೆಯ ಕೆ.ಬಿ. ಬಡಾವಣೆಗೆ ಕಳಿಸಿದರು. ಮನೆಯಲ್ಲಿ ಯಾವುದರ ಮೇಲೆ ಅಡಿಗೆ ಮಾಡ್ತೀಯಮ್ಮ ಎಂದು ಆತ ಕೇಳಿದರು. ಸೌದೆ ಒಲೆ ಎಂದಳು. ಮುಗಿಯಿತು. ಒಲೆಯ ಹೊಗೆಯಿಂದ ಬಂದ ಕಾಯಿಲೆ ಎಂದು ಬರೆದು ಸಿರಪ್ ಕೊಟ್ಟರು. ಅವಳ ಗಂಡ ಬಕ್ಕೇಶ್ ಹರಿಹರದಲ್ಲಿ ಆಟೋ ಓಡಿಸುವವನು, ಸುಮ್ಮನಿರಲಿಲ್ಲ. ಅದೇ ಆಟೋದಲ್ಲಿ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಒಯ್ದ. ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಏನು ಕೆಲಸ ಮಾಡ್ತೀರಿ ಎಂದು ಕೇಳಿದಳು. ಕೇಳಿದ ಮೇಲೆ ಮುಚ್ಚುಮರೆ ಮಾಡಲಿಲ್ಲ. ಶ್ವಾಸಕೋಶದಲ್ಲಿ ದೂಳು ಕೂತಿದೆ, ಕೂತದ್ದನ್ನು ತೆಗೆಯುವ ಔಷಧಿ ಇಲ್ಲ, ಇನ್ನಷ್ಟು ಹೋಗದ ಹಾಗೆ ನೋಡಿಕೊಳ್ಳಬೇಕು, ಉಸಿರಿಗೆ ಯಂತ್ರ ಬೇಕಾಗಬಹುದು. ಕೆಲಸದಿಂದ ಬಂದ ರೋಗ ಅಂತ ಕಾರ್ಮಿಕ ಇಲಾಖೆಯವರು ಒಪ್ಪಿದರೆ ಎಲ್ಲ ಹೊಣೆ ಕಂಪನಿಯದು, ಅರ್ಜಿ ಕೊಡಿ ಎಂದಳು.

ಬಕ್ಕೇಶ್ ಅರ್ಜಿ ಕೊಟ್ಟ. ಅಲೆದ. ಕೊನೆಗೆ ಪರಿಶೀಲನೆಗೆ ಇಲಾಖೆಯ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಅವರು ಪುಡಿಮನೆಯ ದೂಳು ಅಂದರೆ ನೀಲಕ್ಕನಿಗೆ ಚಿಕಿತ್ಸೆ, ಒಲೆಯ ಹೊಗೆ ಅಂದರೆ ಸಿರಪ್ಪು. ಅವಳ ಉಸಿರು ಈಗ ಆ ಸಾಹೇಬರ ಒಂದು ಮಾತಿನ ಮೇಲೆ ನಿಂತಿತ್ತು.

ಸಾಹೇಬರು ಬರುವ ಹಿಂದಿನ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ನೀಲಕ್ಕ ಊಟ ಮಾಡಲಿಲ್ಲ. ಸುಗ್ರಾಬಿಯ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಅಕ್ಕಾ, ನಾಳೆ ನೀನು ಹೇಳ್ತೀಯಲ್ಲಾ?"

"ಏನ್ ಹೇಳ್ಲವ್ವ?"

"ಇದ್ದದ್ದು. ಫ್ಯಾನ್ ತಿರುಗಂಗಿಲ್ಲ ಅಂತ. ನಾ ಹೇಳಿದ್ರೆ ರೋಗ ಬಂದಾಕಿ ಏನಾರ ಹೇಳ್ತಾಳೆ ಅಂತಾರೆ. ನಿನ್ ಮಾತು ನಡೀತೈತೆ. ನೀನು ಶಾಲು ಹೊದ್ದಾಕಿ."

ಸುಗ್ರಾಬಿ ತನ್ನ ಬುತ್ತಿಗೆ ಮುಚ್ಚಳ ಹಾಕಿದಳು. ಫ್ಯಾನ್ ಮೊದಲು ಆರಿಸಿದವಳು ತಾನೇ ಎಂಬುದು ನೀಲಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಹೆಂಗಸು ಒಂದು ದಿನವೂ ಒಂದು ಕೆಟ್ಟ ಮಾತು ಆಡಿರಲಿಲ್ಲ.

"ಹೇಳ್ತೀನಿ, ನೀಲವ್ವ. ಅಲ್ಲಾನಾಣೆ ಹೇಳ್ತೀನಿ," ಅಂದಳು.

ಮಾರನೆಯ ದಿನ ನೀಲಕ್ಕನಿಗೆ ಸಂಬಳದ ರಜೆ ಎಂದು ಮಾಲತೇಶ್ ಗೇಟಿನಿಂದಲೇ ವಾಪಸ್ ಕಳಿಸಿದ. ಪುಡಿಮನೆ ಮದುವೆ ಮನೆಯ ಹಾಗೆ ತೊಳೆದು ಇಟ್ಟಿತ್ತು. ಕಿಟಕಿಗಳೆಲ್ಲ ತೆರೆದಿದ್ದವು. ಗೋಣಿ ಕಾಣೆಯಾಗಿತ್ತು. ಎಲ್ಲರಿಗೂ ಹೊಸ ಮಾಸ್ಕು. ಗೋಡೆಯ ಫ್ಯಾನು ಗರ್ರೆಂದು ತಿರುಗುತ್ತಿತ್ತು. ಸಾಹೇಬರು ಕೆಟ್ಟವರ ಹಾಗೆ ಕಾಣಲಿಲ್ಲ, ಸುಸ್ತಾದವರ ಹಾಗೆ ಕಂಡರು. ಕೈಯಲ್ಲಿ ಕರವಸ್ತ್ರ ಹಿಡಿದು ಎಲ್ಲ ನೋಡಿ, ವ್ಯವಸ್ಥೆ ಚೆನ್ನಾಗಿದೆಯಲ್ಲ, ದಿನಾ ಹೀಗೇ ಇರುತ್ತದಾ ಎಂದು ಹೆಂಗಸರನ್ನು ಕೇಳಿದರು. ಯಾರೂ ತಲೆ ಎತ್ತಲಿಲ್ಲ. ಜರಡಿಗಳು ಮಾತ್ರ ಅಲ್ಲಾಡುತ್ತಿದ್ದವು.

ಸುಗ್ರಾಬಿ ಎದ್ದು ನಿಂತಳು. ಮಾಸ್ಕು ಕೆಳಗಿಳಿಸಿದಳು.

"ಇಲ್ರಿ ಸಾಹೇಬ್ರೆ. ಈ ಫ್ಯಾನು ಇವತ್ತು ತಿರುಗಾಕ ಹತ್ತೈತೆ. ದಿನಾ ಬಂದ್ ಇರ್ತೈತ್ರಿ. ಕಿಟಕೀನೂ ಬಂದ್. ಅದಕ್ಕೇ ನಮ್ ನೀಲವ್ವ ಹಂಗಾಗಿದ್ದು."

ಕೋಣೆಯಲ್ಲಿ ಜರಡಿಗಳು ನಿಂತವು. ಸುಗ್ರಾಬಿಗೆ ಒಂದು ಕ್ಷಣ ಎದೆ ಹಗುರಾಯಿತು. ಹೇಳಿದೆ, ಹೇಳೇಬಿಟ್ಟೆ ಅನ್ನಿಸಿತು. ಸಾಹೇಬರು ಪಕ್ಕದಲ್ಲೇ ನಿಂತಿದ್ದ ಕೊಟ್ಟೂರೇಶನ ಮುಖ ನೋಡಿದರು. ಅವನು ಸಿಟ್ಟಾಗಲಿಲ್ಲ. ಸಾವಧಾನವಾಗಿ, ಮನೆಯ ಹಿರಿಯಳನ್ನು ಮಾತಾಡಿಸುವವನ ಹಾಗೆ ಕೇಳಿದ:

"ಯಾರು ಬಂದ್ ಮಾಡ್ತಿದ್ರು ಸುಗ್ರಾಬಿಯವ್ರೇ? ನಾನು ಮಾಡು ಅಂತ ಹೇಳಿದ್ನಾ? ಮಾಲತೇಶ್ ಹೇಳಿದ್ನಾ?"

ಸುಗ್ರಾಬಿ ಸುಳ್ಳು ಹೇಳಬಹುದಿತ್ತು. ಅವತ್ತು ಒಂದೇ ಒಂದು ಸುಳ್ಳು ಹೇಳಿದ್ದರೆ ನೀಲಕ್ಕನಿಗೆ ಚಿಕಿತ್ಸೆ ಸಿಗುತ್ತಿತ್ತೇನೋ. ಆದರೆ ಇದ್ದದ್ದು ಹೇಳುತ್ತೇನೆಂದು ಅಲ್ಲಾನ ಮೇಲೆ ಆಣೆಯಿಟ್ಟು ಬಂದವಳು.

"ನಾನೇರಿ, ಮೊದಲು. ಪುಡಿ ಹಾರಿ ಹೋಗ್ತೈತಲ್ಲ ಅಂತ. ಆಮೇಲೆ ನೀವೇ ಶಾಲು ಹೊದಿಸಿ..."

"ಶಾಲು ಹೊದಿಸಿದ್ದು ನಿಮ್ಮ ಕೆಲಸಕ್ಕೆ. ಫ್ಯಾನ್ ಆರಿಸಿದ್ದಕ್ಕಲ್ಲ." ಅವನು ಸಾಹೇಬರ ಕಡೆ ತಿರುಗಿ ಕೈಚೆಲ್ಲಿದ. ಇಷ್ಟೆಲ್ಲ ಖರ್ಚು ಮಾಡಿ ವ್ಯವಸ್ಥೆ ಮಾಡಿಕೊಟ್ಟರೂ ತಮ್ಮ ಭಟ್ಟಿಯ ಅಭ್ಯಾಸ ಬಿಡುವುದಿಲ್ಲ ಸರ್, ಓದು ಬರಹ ಇಲ್ಲದವರು, ಬೈಯುವುದಕ್ಕೂ ಮನಸ್ಸು ಬರುವುದಿಲ್ಲ ಎಂದ.

ಅವನು ಬಂದು ನೋಡಿದ್ದು, ಭೇಷ್ ಅಂದದ್ದು, ಮಾಲತೇಶ್ ಗದರಿದ್ದು ಎಲ್ಲ ಸುಗ್ರಾಬಿ ಹೇಳಿದಳು. ಉಳಿದವರನ್ನೂ ಕೇಳಿ ಅಂದಳು. ಸಾಹೇಬರು ಕೇಳಿದರು. ಮಾಲತೇಶ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡುತ್ತಿದ್ದ. ಅಲ್ಲಿದ್ದ ಎಲ್ಲರಿಗೂ ಮನೆಯಿತ್ತು, ಮಕ್ಕಳಿದ್ದರು. ಒಬ್ಬಳು ಗೊತ್ತಿಲ್ರಿ ಅಂದಳು. ಇನ್ನೊಬ್ಬಳು ಅತ್ತಳು, ಅಷ್ಟೇ. ಸಾಹೇಬರು ನಿಟ್ಟುಸಿರು ಬಿಟ್ಟು ಬರೆದುಕೊಂಡರು. ಫ್ಯಾನಿದೆ, ಕೆಲಸಗಾರ್ತಿಯರೇ ಆರಿಸುತ್ತಾರೆ, ಮಾಲೀಕರದು ತಪ್ಪು ಕಾಣುವುದಿಲ್ಲ. ಇನ್ನು ಮುಂದೆ ಸ್ವಿಚ್ಚು ಕೆಲಸಗಾರರ ಕೈಗೆ ಸಿಗದ ಹಾಗೆ ಮಾಡಿ ಎಂದು ಸಾಹುಕಾರರಿಗೆ ಎಚ್ಚರಿಕೆ ಕೊಟ್ಟರು. ಕೊಟ್ಟೂರೇಶ್ ವಿನಯದಿಂದ ಒಪ್ಪಿಕೊಂಡ.

ಬಕ್ಕೇಶನ ಅರ್ಜಿ ಅಲ್ಲಿಗೆ ಮುಗಿಯಿತು. ನೀಲಕ್ಕನನ್ನು ಆರೋಗ್ಯ ಸರಿಯಿಲ್ಲ ಎಂದು ಕೆಲಸದಿಂದ ಬಿಡಿಸಿದರು. ಮಾನವೀಯತೆ ಬಿಡಬಾರದಲ್ಲ, ಮಾಲತೇಶ್ ಒಂದು ಚೀಲ ಮೋಸಂಬಿ ತಂದುಕೊಟ್ಟು ಹೋದ. ಸುಗ್ರಾಬಿ ಗುತ್ತೂರಿಗೆ ನೋಡಲು ಹೋದಾಗ ಅವಳು ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಿದ್ದಳು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಎಚ್ಚರವಾಗಿ ಸುಗ್ರಾಬಿಯನ್ನು ಕಂಡು, ಊಟ ಮಾಡಿ ಹೋಗಕ್ಕ ಅಂದಳು. ಹಾಗಂದದ್ದಕ್ಕೇ ಸುಗ್ರಾಬಿ ಅಳುತ್ತ ಹರಿಹರದ ಬಸ್‌ಸ್ಟ್ಯಾಂಡಿನವರೆಗೆ ನಡೆದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ಸೋಮವಾರ ಪುಡಿಮನೆಗೆ ಹೋದರೆ ಫ್ಯಾನಿನ ಸ್ವಿಚ್ಚಿಗೆ ಕಬ್ಬಿಣದ ಪೆಟ್ಟಿಗೆ ಹಾಕಿ ಬೀಗ ಜಡಿದಿದ್ದರು. ಫ್ಯಾನು ನಿಂತಿತ್ತು. ಕಿಟಕಿಗಳಿಗೆ ಹೊರಗಿನಿಂದ ತಗಡು ಬಡಿದಿತ್ತು.

"ಮಾಲತೇಶಣ್ಣ, ಫ್ಯಾನ್ ಹಾಕ್ಸು," ಅಂದಳು ಸುಗ್ರಾಬಿ.

"ಕೀಲಿ ಸಾವ್ಕಾರ್ರ ಹತ್ರ ಐತೆ. ಅವ್ರು ಪುಣೆಗೆ ಹೋಗ್ಯಾರೆ. ಸಾಹೇಬ್ರು ಏನ್ ಬರೆದ್ರು ನೀನೇ ಕೇಳಿದ್ಯಲ್ಲ, ಸ್ವಿಚ್ ನೀವು ಮುಟ್ಟಂಗಿಲ್ಲ. ಕಾನೂನು ಐತೆ ಈಗ. ನಿನ್ನಿಂದ್ಲೇ ಆಗಿದ್ದು."

ನಗು ತಡೆಯಲಾರದೆ ಅವನು ಬೆಲ್ಲದ ಡಬ್ಬಿ ಮುಂದೆ ಹಿಡಿದ. ಸುಗ್ರಾಬಿ ಬೆಲ್ಲ ತೆಗೆದುಕೊಳ್ಳಲಿಲ್ಲ. ಹೊರಗೆ ಬಂದು ಪುಡಿಮನೆಯ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ, ಅವತ್ತು ಸಾಹೇಬರ ಮುಂದೆ ಅತ್ತಿದ್ದವಳು ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಗೊತ್ತಿಲ್ರಿ ಅಂದವಳು. ಹೀಗೆ ಎಲ್ಲರೂ ಬಂದರು. ಘೋಷಣೆ ಗೀಷಣೆ ಅವರಿಗೆ ಬರುತ್ತಿರಲಿಲ್ಲ. ಫ್ಯಾನ್ ತಿರುಗಿದರೆ ಒಳಗೆ ಹೋಗುತ್ತೇವೆ, ಇಲ್ಲದಿದ್ದರೆ ಇಲ್ಲ, ಇಷ್ಟೇ ಮಾತು. ಡ್ರಮ್ಮು ನಿಂತದ್ದಕ್ಕೆ ಅಚ್ಚಿನ ಶೆಡ್ಡೂ ಸುಮ್ಮನಾಯಿತು. ಇಡೀ ಕಂಪನಿ ಸುಮ್ಮನಾದದ್ದನ್ನು ಅವರು ಮೊದಲ ಸಲ ಕೇಳಿದರು. ತಮ್ಮ ಕೈ ನಿಂತರೆ ಇಷ್ಟೆಲ್ಲ ನಿಲ್ಲುತ್ತದೆಂದು ಸುಗ್ರಾಬಿಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಮಾಲತೇಶ್ ಹೆದರಿಸಿದ, ಆಮೇಲೆ ಬೇಡಿಕೊಂಡ, ಆಮೇಲೆ ಫೋನ್ ಹಿಡಿದು ಆಚೆ ಹೋದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಮೆಲ್ಲಗೆ ನಕ್ಕರು.

ಬಿಸಿಲು ನೆತ್ತಿಗೇರಿದಾಗ ಕಂಪನಿ ವ್ಯಾನು ದಾವಣಗೆರೆಯಿಂದ ವಾಪಸ್ ಬಂತು. ಖಾಲಿ ಬರಲಿಲ್ಲ. ಅದರಿಂದ ಇಳಿದವರೆಲ್ಲ ಭಟ್ಟಿ ಓಣಿಯ ಹೆಂಗಸರು, ಸುಗ್ರಾಬಿಗೆ ಮುಖ ಮುಖ ಪರಿಚಯ. ಮುಂದೆ ಇದ್ದವಳು ಖತೀಜಾಬೀ, ಅವಳ ಮನೆಯ ಎದುರುಮನೆಯವಳು. ಸುಗ್ರಾಬಿ ಎದ್ದು ಬಾಗಿಲಿಗೆ ಅಡ್ಡ ನಿಂತಳು. ತಮ್ಮ ಮನೆಮಾತಿನಲ್ಲೇ ಎಲ್ಲವನ್ನೂ ಹೇಳಿದಳು. ಪುಡಿ ಎಂಥದ್ದು, ನೀಲಕ್ಕ ಹೇಗೆ ಕೂತು ನಿದ್ದೆ ಮಾಡುತ್ತಾಳೆ, ಬೀಗ ಯಾಕೆ ಬಿತ್ತು, ಒಂದನ್ನೂ ಬಿಡಲಿಲ್ಲ. ಇವತ್ತೊಂದು ದಿನ ಒಳಗೆ ಹೋಗಬೇಡಿ, ನಮ್ಮ ಜೊತೆ ಕೂತ್ಕೊಳ್ಳಿ, ಸಂಜೆಯೊಳಗೆ ಕೀಲಿ ಎಲ್ಲಿದ್ದರೂ ಬಂದೇ ಬರುತ್ತದೆ ಎಂದು ಕೈಮುಗಿದಳು.

ಖತೀಜಾಬೀ ಎಲ್ಲ ಕೇಳಿದಳು. ಸುಳ್ಳು ಅನ್ನಲಿಲ್ಲ. ಜಗಳಕ್ಕೂ ಬರಲಿಲ್ಲ. ಮಾಲತೇಶನಿಗೂ ಕೇಳಲಿ ಎಂಬಂತೆ ಕನ್ನಡದಲ್ಲೇ ಹೇಳಿದಳು:

"ನೀ ಹೇಳೋದು ನಿಜಾನೇ ಇರ್ಬೇಕು ಅಕ್ಕ. ಆದ್ರೆ ನೀನು ಇಲ್ಲಿ ಇಷ್ಟು ದಿನ ದುಡಿದು ಉಂಡಿ. ಕೆಮ್ಮು ಬರೋ ತನಕ ನಾನೂ ಉಣ್ತೀನಿ. ದಾರಿ ಬಿಡು."

ಸುಗ್ರಾಬಿ ಹಿಂದೆ ತಿರುಗಿ ನೋಡಿದಳು. ಮೆಟ್ಟಿಲ ಮೇಲಿನವರು ನೆಲ ನೋಡುತ್ತಿದ್ದರು. ಅವರಲ್ಲಿ ಇಬ್ಬರು ಆಗಲೇ ಎದ್ದು, ತಮ್ಮ ಜಾಗ ಹೋದೀತೆಂದು ಸೀರೆ ಕೊಡವಿಕೊಂಡು, ಒಳಗೆ ನುಗ್ಗಲು ಅವಳ ಬೆನ್ನ ಹಿಂದೆಯೇ ಬಂದು ನಿಂತಿದ್ದರು.

ಸುಗ್ರಾಬಿ ದಾರಿ ಬಿಟ್ಟಳು.